ರಂಟೆಗೆ ತಾಗಿದ ಕಲ್ಲು

ಬಸವಕಲ್ಯಾಣ, ಹುಮನಾಬಾದ್ ಕಡೆ ಬೇಸಿಗೆಯ ಉಳುಮೆ ಮುಗಿಯಿತೆಂದರೆ ಕಲ್ಲು ಆರಿಸುವ ಕೆಲಸ ಶುರು. ಎತ್ತಿನ ರಂಟೆಯ ಕಾಲದಲ್ಲಿ ಗೇಣು ಮಣ್ಣು ತಿರುವಿದರೆ ಹೆಚ್ಚು. ಈಗ ಟ್ರ್ಯಾಕ್ಟರಿನ ಪಲ್ಟಿ ನೇಗಿಲು ಅದಕ್ಕಿಂತ ಆಳಕ್ಕೆ ಇಳಿಯುತ್ತದೆ, ಇಳಿದಷ್ಟೂ ಕಲ್ಲು ಮೇಲೆ ಬರುತ್ತವೆ. ಹೆಣ್ಣಾಳುಗಳು ಅವನ್ನು ಬುಟ್ಟಿಗೆ ತುಂಬಿ ಬದುವಿಗೆ ಸುರಿಯುತ್ತಾರೆ. ಅಂಥ ರಾಶಿಯಲ್ಲಿ ಎಂದಾದರೊಮ್ಮೆ ಒಂದು ಕಲ್ಲು ಕೈಯನ್ನು ತಡೆಯುತ್ತದೆ. ಒಂದು ತುದಿ ಚೂಪು, ಇನ್ನೊಂದು ತುದಿ ಅಂಗೈಗೆ ಒಗ್ಗುವಷ್ಟು ದುಂಡು, ಎರಡೂ ಮಗ್ಗುಲಲ್ಲಿ ಚಕ್ಕೆ ಎದ್ದ ಗುರುತು. ಎತ್ತಿ ನೋಡಿದರೆ ಕಿಲೋ ದಾಟುವ ತೂಕ. “ಇದು ಯಾರೋ ಮಾಡಿದ್ದದ” ಎಂದು ಅನ್ನಿಸುತ್ತದೆ. ಯಾರು, ಯಾವಾಗ ಎಂದು ಕೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಹೀಗಾಗಿ ಆ ಕಲ್ಲು ಗೂಟ ಬಡಿಯಲು ಕೊಟ್ಟಿಗೆ ಸೇರುತ್ತದೆ, ಇಲ್ಲವೇ ಬೇವಿನ ಕಟ್ಟೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂರುತ್ತದೆ. ಬಹಳಷ್ಟು ಸಲ ಉಳಿದವುಗಳ ಜೊತೆ ಬದುವಿಗೇ ಹೋಗುತ್ತದೆ.

ಕಲ್ಯಾಣದ ನೆಲದಲ್ಲಿ ಹಳೆಯ ಕಲ್ಲು ಎಂದೊಡನೆ ನಮಗೆ ನೆನಪಾಗುವವರು ಚಾಲುಕ್ಯರು. ಅದು ಸಹಜವೇ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ್ದು ಇಲ್ಲಿಂದ. ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ ಬರೆಯುತ್ತಿರುವುದು ಅವನ ಹೊಗಳಿಕೆಯನ್ನೇ. ಬಸವಕಲ್ಯಾಣಕ್ಕೆ ಅಂಟಿಕೊಂಡ ನಾರಾಯಣಪುರದ ಗುಡಿ, ಕೋಟೆಯ ಗೋಡೆಗಳಲ್ಲಿ ಸೇರಿಹೋದ ಕಂಬಗಳು, ಮನೆ ಪಾಯ ತೋಡಿದಾಗ ಏಳುವ ಮೂರ್ತಿಯ ತುಂಡುಗಳು, ಇವೆಲ್ಲ ಸೇರಿ ನಮ್ಮ ಕಣ್ಣನ್ನು ಒಂದು ಸಾವಿರ ವರ್ಷಕ್ಕೆ ಒಗ್ಗಿಸಿಬಿಟ್ಟಿವೆ. ಹೊಲದಲ್ಲಿ ಸಿಕ್ಕ ಆ ಚೂಪುಗಲ್ಲು ನಿಜಕ್ಕೂ ಶಿಲಾಯುಗದ ಕೈಗೊಡಲಿಯೇ ಆಗಿದ್ದರೆ ಲೆಕ್ಕ ಸಾವಿರದಲ್ಲಿ ನಿಲ್ಲುವುದಿಲ್ಲ, ಲಕ್ಷಕ್ಕೆ ಹೋಗುತ್ತದೆ.

ಇಂಥ ಕಲ್ಲನ್ನು ಗುರುತಿಸುವ ವಿದ್ಯೆ ಯಾರ ಗುತ್ತಿಗೆಯೂ ಅಲ್ಲ. ಕಣ್ಣು ಚುರುಕಾಗಿದ್ದರೆ ಯಾರಾದರೂ ಕಲಿಯಬಹುದು. ಮನುಷ್ಯ ಮಾಡಿದ್ದೋ ಅಲ್ಲವೋ ಎಂಬುದನ್ನು ಕಲ್ಲೇ ತೋರಿಸುತ್ತದೆ. ಎಷ್ಟು ಹಳೆಯದು ಎಂಬುದು ಮಾತ್ರ ಅದು ಬಿದ್ದಿದ್ದ ಮಣ್ಣಿನಿಂದ ತಿಳಿಯಬೇಕು. ಮನೆಗೆ ತಂದು ತೊಳೆದು ಷೋಕೇಸಿನಲ್ಲಿಟ್ಟ ಕಲ್ಲಿನ ಅರ್ಧ ಸಂಗತಿ ಹೊಲದಲ್ಲೇ ಉಳಿದುಬಿಟ್ಟಿರುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಅದಕ್ಕೆ ನಮ್ಮ ಸೀಮೆಯಿಂದ ಸ್ವಲ್ಪ ತೆಂಕಣಕ್ಕೆ ಹೋಗಬೇಕು.

ಕಲಬುರಗಿ ದಾಟಿ, ಸುರಪುರವನ್ನೂ ದಾಟಿದರೆ ಹುಣಸಗಿ. ಈಗ ಯಾದಗಿರಿ ಜಿಲ್ಲೆ, ಮೊದಲು ಗುಲಬರ್ಗಾ. ಅಲ್ಲಿನ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹೊಲ ಹೊಲ ತಿರುಗಿ ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರದ್ದು ಬೇರೆಯೇ ಮಾತು. ಕಾಲುವೆ ಕೆಲಸಕ್ಕೆಂದು ಮಣ್ಣು ತೆಗೆದ ಜಾಗ ಅದು. ಮೇಲಿನ ಮಣ್ಣಿನ ಹೊದಿಕೆ ಹೋದಾಗ ಅಡಿಯಲ್ಲಿ ಕಲ್ಲಿನ ಹಾಸೊಂದು ಹೊರಬಿತ್ತು. ನೋಡಿದವರಿಗೆ ಅದು ಒಡೆದ ಸುಣ್ಣದಕಲ್ಲಿನ ಗುಡ್ಡೆ, ಅಷ್ಟೇ. 1983ರಲ್ಲಿ ಪದ್ದಯ್ಯನವರ ಕಣ್ಣಿಗೆ ಬಿದ್ದಾಗ ಅದು ಆಯುಧ ಮಾಡುವವರ ಕಾರ್ಖಾನೆ ಎಂದು ಗೊತ್ತಾಯಿತು. 1997ರಿಂದ ಅಲ್ಲಿ ಉತ್ಖನನ ನಡೆಯಿತು. ಭಾರತದಲ್ಲಿ ಆ ಕಾಲದ ಕಲ್ಲುಗಣಿ ಎಂದು ಖಚಿತವಾಗಿ ಗುರುತಾದ ಮೊದಲ ಜಾಗ ಇಸಾಂಪುರ. ಅಲ್ಲಿ ಸಿಕ್ಕ ಹುಲ್ಲು ಮೇಯುವ ಪ್ರಾಣಿಗಳ ಹಲ್ಲಿನಿಂದ ಮಾಡಿದ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷವೆಂದು ತೋರಿಸಿತು. ಆ ಅಂಕಿಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೂ ದಕ್ಷಿಣ ಭಾರತಕ್ಕೆ ಮನುಷ್ಯಜೀವಿಗಳು ಅಷ್ಟು ಹಿಂದೆಯೇ ಬಂದಿದ್ದರು ಎನ್ನುವುದಕ್ಕೆ ಬೇರೆ ಕಡೆಯಿಂದಲೂ ಬಲ ಬಂದಿದೆ. ಚೆನ್ನೈ ಬಳಿಯ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ಉತ್ಖನನ ಮಾಡಿ, ಅಲ್ಲಿನ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷ ಹಿಂದಿನವೆಂದು 2011ರಲ್ಲಿ ತೋರಿಸಿದರು.

ಇಸಾಂಪುರದ ಕಲ್ಲು ನಮಗೆ ಅಪರಿಚಿತವಲ್ಲ. ನಮ್ಮ ಮನೆಗಳ ನೆಲಕ್ಕೆ ಹಾಕುವ ಶಹಾಬಾದ್ ಫರ್ಸಿಯೂ ಅದೂ ಒಂದೇ ಭೀಮಾ ಸೀಮೆಯ ಸುಣ್ಣದಕಲ್ಲು. ಇಸಾಂಪುರದಲ್ಲಿ ಆ ಕಲ್ಲಿಗೆ ಸಿಲಿಕಾ ಸೇರಿ ಗಟ್ಟಿಯಾಗಿತ್ತು. ಬಿಸಿಲು ಮಳೆಗೆ ಸಿಕ್ಕಿ ತಾನಾಗಿಯೇ ಬಿರುಕು ಬಿಟ್ಟ ಹಾಸಿನಿಂದ ಚಪ್ಪಡಿ ಎಬ್ಬಿಸುವುದು ಮೊದಲ ಕೆಲಸ. ಆಮೇಲೆ ಗುಂಡುಕಲ್ಲಿನಿಂದ ಅಂಚಿಗೆ ಬಲವಾಗಿ ಬಡಿದರೆ ಅಂಗೈಗಿಂತ ದೊಡ್ಡ ಚಕ್ಕೆ ಏಳುತ್ತದೆ. ಅದರ ಬದಿಗಳನ್ನು ಸಣ್ಣ ಪೆಟ್ಟುಗಳಿಂದ ತಿದ್ದಿದರೆ ಕೈಗೊಡಲಿ ಅಥವಾ ಅಗಲ ಬಾಯಿಯ ಸೀಳುಗೊಡಲಿ. ಬಡಿಯುವ ಗುಂಡುಗಳನ್ನು ಗಟ್ಟಿ ಜಾತಿಯ ಬೇರೆ ಕಲ್ಲುಗಳಿಂದ ಆರಿಸಿಕೊಂಡಿದ್ದರು, ದೊಡ್ಡ ಪೆಟ್ಟಿಗೆ ದೊಡ್ಡದು, ಸಣ್ಣ ಪೆಟ್ಟಿಗೆ ಸಣ್ಣದು. ಚಕ್ಕೆ ಎಬ್ಬಿಸಿದ ಮೇಲೆ ಉಳಿದ ತಿರುಳುಗಲ್ಲು, ಚಕ್ಕೆ, ಅರ್ಧಕ್ಕೆ ಬಿಟ್ಟ ಆಯುಧ, ಪೂರ್ತಿಯಾದ ಆಯುಧ, ಬಡಿದ ಗುಂಡು, ಎಲ್ಲವೂ ಕೆಲಸ ನಿಂತ ಜಾಗದಲ್ಲೇ ಇದ್ದುದರಿಂದ ಈ ಕ್ರಮ ತಿಳಿಯಿತು. ಯಾರಾದರೂ ಹೋಗಿ ಚೆನ್ನಾಗಿ ಕಂಡ ಒಂದೆರಡು ಕೈಗೊಡಲಿಗಳನ್ನು ಮಾತ್ರ ಆರಿಸಿ ತಂದಿದ್ದರೆ ನಮ್ಮ ಬಳಿ ಎರಡು ಕೈಗೊಡಲಿ ಇರುತ್ತಿದ್ದವು. ಕಾರ್ಖಾನೆ ಇರುತ್ತಿರಲಿಲ್ಲ.

ದೊಡ್ಡ ಕಲ್ಲು ಕಣ್ಣಿಗೆ ಬೀಳುತ್ತದೆ, ಸಾಕ್ಷಿ ಹೇಳುವುದು ಅದರ ಸುತ್ತಲಿನ ಸಣ್ಣವು. ಆದ್ದರಿಂದ ಕೈಗೊಡಲಿಯಂಥದ್ದು ಸಿಕ್ಕಾಗ ಮೊದಲು ನೋಡಬೇಕಾದದ್ದು ಅದರ ಸುತ್ತ ಹತ್ತು ಹೆಜ್ಜೆಯ ನೆಲವನ್ನು.

ಭಾರತದಲ್ಲಿ ಶಿಲಾಯುಗದ ಶೋಧ ಶುರುವಾದದ್ದೇ ಆಕಸ್ಮಿಕಗಳಿಂದ. 1842ರಲ್ಲಿ ಡಾ. ಪ್ರಿಮ್‌ರೋಸ್ ಎಂಬ ವೈದ್ಯ ರಾಯಚೂರು ಸೀಮೆಯ ಲಿಂಗಸುಗೂರಿನಲ್ಲಿ ಕಲ್ಲಿನ ಚೂರಿ, ಬಾಣದ ಮೊನೆಗಳನ್ನು ಕಂಡ. ಇಪ್ಪತ್ತೊಂದು ವರ್ಷದ ಮೇಲೆ, 1863ರ ಮೇ 30ರಂದು, ಭೂಗರ್ಭ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಮದರಾಸಿನ ಬಳಿ ಪಲ್ಲಾವರಂನಲ್ಲಿ ಗರಸು ತೋಡಿದ ಗುಂಡಿಯೊಂದರಲ್ಲಿ ಕೈಗೊಡಲಿಯನ್ನು ಹೆಕ್ಕಿದ. ಈ ದೇಶದಲ್ಲಿ ಹಳೆಯ ಶಿಲಾಯುಗದ ಗುರುತು ಮೊದಲು ಸಿಕ್ಕದ್ದು ಹಾಗೆ. ಆ ಗುಂಡಿಯದು ಕೆಂಪು ಜಂಬಿಟ್ಟಿಗೆಯ ಗರಸು ಎಂಬುದನ್ನು ಬೀದರ್ ಜಿಲ್ಲೆಯವರು ಗಮನಿಸಬೇಕು. ಫೂಟ್ ಮುಂದೆ ಕರ್ನಾಟಕದ ಉದ್ದಗಲ ತಿರುಗಿದ. ಮಲಪ್ರಭಾ, ಘಟಪ್ರಭಾ ಕಣಿವೆಗಳಿಂದ ಬಳ್ಳಾರಿಯವರೆಗೆ ಅವನು ಆರಿಸಿದ ಕಲ್ಲುಗಳು ಇಂದಿಗೂ ಚೆನ್ನೈ ವಸ್ತುಸಂಗ್ರಹಾಲಯದಲ್ಲಿವೆ. ಯಾವ ಕಲ್ಲು ಯಾವ ಊರಿನದೆಂದು ಪಟ್ಟಿ ಬರೆದಿಟ್ಟದ್ದೇ ಅವನು ನಮಗೆ ಮಾಡಿದ ದೊಡ್ಡ ಉಪಕಾರ.

ಈಗ ನಮ್ಮ ನೆಲದ ವಿಷಯ. ಬೀದರ್ ಪ್ರಸ್ಥಭೂಮಿಯಲ್ಲಿ ಆಯುಧ ಗುರುತಿಸುವುದು ಹುಣಸಗಿಗಿಂತ ಕಷ್ಟ. ಕೆಳಗೆ ಇರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಆದ ಬಸಾಲ್ಟ್, ನಮ್ಮ ಮಾತಿನ ಕರಿಕಲ್ಲು. ಅದರ ಮೇಲೆ ಬೀದರ್, ಹುಮನಾಬಾದ್ ಸುತ್ತಲ ದಿನ್ನೆಗಳಲ್ಲಿ ಕೆಂಪು ಜಂಬಿಟ್ಟಿಗೆಯ ಹೊದಿಕೆ. ಬಸಾಲ್ಟಿನ ಗುಣ ವಿಚಿತ್ರ. ನೆಲದಡಿ ಬಿರುಕುಗಳ ಮೂಲಕ ನೀರು ಇಳಿದು ಚೌಕನೆಯ ತುಂಡುಗಳ ಮೂಲೆಗಳನ್ನು ತಿಂದುಬಿಡುತ್ತದೆ. ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರ ಕಳಚಿ ನಡುವೆ ದುಂಡನೆಯ ಗುಂಡು ಉಳಿಯುತ್ತದೆ. ಬಾವಿ ತೋಡುವಾಗ ಮೊರಂ ಪದರದಲ್ಲಿ ಇಂಥ ಗುಂಡುಗಳನ್ನು ಕಂಡವರು “ಯಾರೋ ಕೆತ್ತಿದ್ದಾರೆ” ಎಂದುಕೊಳ್ಳುವುದುಂಟು. ಯಾರೂ ಕೆತ್ತಿಲ್ಲ. ಇನ್ನು ಕೆಲವು ಬಿರುಕಿನ ಗುಂಟ ಒಡೆದು ಬೆಣೆಯ ಆಕಾರ ತಾಳುತ್ತವೆ. ಅವೂ ನೋಡಲು ಕೊಡಲಿಯೇ.

ಹಾಗಾದರೆ ಯಾವುದು ನಿಜವಾದದ್ದು? ಕಲ್ಲನ್ನು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಬೆಳಿಗ್ಗೆಯ ಇಲ್ಲವೇ ಸಂಜೆಯ ಬಿಸಿಲಾದರೆ ಒಳ್ಳೆಯದು, ಹಳ್ಳ ತಿಟ್ಟು ಎದ್ದು ಕಾಣುತ್ತವೆ. ನುಣ್ಣನೆಯ ಕಲ್ಲಿಗೆ ಇನ್ನೊಂದು ಕಲ್ಲಿನಿಂದ ಅಂಚಿನಲ್ಲಿ ಪೆಟ್ಟು ಕೊಟ್ಟರೆ ಚಕ್ಕೆ ಏಳುತ್ತದೆ. ಎದ್ದ ಚಕ್ಕೆಯ ಒಳಮೈಯಲ್ಲಿ ಪೆಟ್ಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು ಇರುತ್ತದೆ, ಅಲ್ಲಿಂದ ಅಲೆಯಂಥ ಗೆರೆಗಳು ಹರಡಿರುತ್ತವೆ. ಚಕ್ಕೆ ಕಳಕೊಂಡ ಕಲ್ಲಿನ ಮೇಲೆ ಅದಕ್ಕೆ ತಕ್ಕ ತಗ್ಗು. ಇಂಥ ಒಂದು ತಗ್ಗು ಇದ್ದರೆ ಏನೂ ಸಾಬೀತಾಗುವುದಿಲ್ಲ. ಹೊಳೆಯಲ್ಲಿ ಉರುಳಿದ ಕಲ್ಲು, ಟ್ರ್ಯಾಕ್ಟರ್ ಬಡಿದ ಕಲ್ಲು, ಜೆಸಿಬಿ ಹಲ್ಲು ತಾಗಿದ ಕಲ್ಲು, ಇವೆಲ್ಲಕ್ಕೂ ಒಂದೆರಡು ತಗ್ಗು ಇರುತ್ತವೆ. ಮನುಷ್ಯನ ಕೈ ಕಾಣುವುದು ಸಾಲಿನಲ್ಲಿ. ಒಂದು ಮೈಯಿಂದ ಒಂದು ಚಕ್ಕೆ, ಕಲ್ಲು ತಿರುಗಿಸಿ ಇನ್ನೊಂದು ಮೈಯಿಂದ ಇನ್ನೊಂದು, ಮತ್ತೆ ಈ ಕಡೆ, ಮತ್ತೆ ಆ ಕಡೆ. ಎರಡೂ ಮೈಯ ತಗ್ಗುಗಳು ಒಂದೇ ಅಂಚಿನಲ್ಲಿ ಕೂಡುತ್ತವೆ. ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿದರೆ ಅದು ಹಾವಿನ ಹಾದಿಯ ಹಾಗೆ ಸ್ವಲ್ಪ ಅತ್ತಿತ್ತ ಬಾಗುತ್ತ ಮೊನೆಯವರೆಗೂ ಹೋಗಿರುತ್ತದೆ. ಪ್ರಕೃತಿ ಒಂದೆರಡು ಪೆಟ್ಟು ಕೊಟ್ಟೀತು. ಹತ್ತಿಪ್ಪತ್ತು ಪೆಟ್ಟುಗಳನ್ನು ಇಬ್ಬದಿಗೂ ಸರಿಯಾಗಿ ಹಂಚಿ, ಚೂಪು ಮಾಡಿ, ಹಿಡಿಕೆಯ ಬದಿಯನ್ನು ಬಿಟ್ಟುಕೊಡುವುದು ಅದರ ಸ್ವಭಾವವಲ್ಲ.

ಎರಡನೆಯ ಪರೀಕ್ಷೆ ಬಣ್ಣದ್ದು. ಬಸಾಲ್ಟನ್ನು ಇವತ್ತು ಒಡೆದರೆ ಒಳಗೆ ಕಬ್ಬಿಣದಂಥ ಕಡುಬೂದು ಬಣ್ಣ. ಹಳೆಯ ಮೈ ಕಂದಿ, ಕೆಂಗಂದು ಇಲ್ಲವೇ ಹಳದಿ ಮಿಶ್ರಿತ ಬೂದು ಸಿಪ್ಪೆ ಕಟ್ಟಿರುತ್ತದೆ. ಚಕ್ಕೆಯ ತಗ್ಗುಗಳೆಲ್ಲ ಸಿಪ್ಪೆಯದೇ ಬಣ್ಣದಲ್ಲಿ ಸಮನಾಗಿ ಕಂದಿದ್ದರೆ, ತಗ್ಗುಗಳ ನಡುವಿನ ಏಣುಗಳು ಬೆರಳಿಗೆ ಚುಚ್ಚದಷ್ಟು ಸವೆದಿದ್ದರೆ, ಪೆಟ್ಟುಗಳು ಹಳೆಯವು, ಒಂದೇ ಕಾಲದವು. ತಗ್ಗೊಂದು ಮಾತ್ರ ಹೊಸದಾಗಿ ಕರ್ರಗೆ ಮಿರುಗುತ್ತಿದ್ದರೆ ಅದು ನೇಗಿಲಿನ ಕೆಲಸ, ಪಕ್ಕದಲ್ಲಿ ತುಕ್ಕಿನ ಗೆರೆಯೂ ಇರಬಹುದು. ಇಲ್ಲಿ ಬಸಾಲ್ಟಿನ ತೊಂದರೆಯನ್ನೂ ಹೇಳಬೇಕು. ಲಕ್ಷಾಂತರ ವರ್ಷ ಕಂದಿದ ಬಸಾಲ್ಟ್ ಆಯುಧದ ಮೈ ಎಷ್ಟು ಮೆತ್ತಗಾಗಿರುತ್ತದೆಂದರೆ ತಗ್ಗುಗಳು ಹೆಚ್ಚೂಕಮ್ಮಿ ಅಳಿಸಿಹೋಗಿ ಆಕಾರ ಮಾತ್ರ ಉಳಿಯುತ್ತದೆ. ಆಗ ಅನುಭವಸ್ಥರೂ ತಡವರಿಸುತ್ತಾರೆ. ಮೈತುಂಬ ತೂತು, ಬಿಳಿ ಚುಕ್ಕೆ ಇರುವ ಬಸಾಲ್ಟಿನಲ್ಲಿ ಒಳ್ಳೆಯ ಚಕ್ಕೆ ಏಳುವುದಿಲ್ಲ. ಅಂಥ ಕಲ್ಲಿನ “ಕೊಡಲಿ” ಸಿಕ್ಕರೆ ಮೊದಲು ಅನುಮಾನಪಡುವುದೇ ಸರಿ. ಪಕ್ಕದ ಮಹಾರಾಷ್ಟ್ರದ ಕರಿಕಲ್ಲಿನ ಸೀಮೆಯಲ್ಲಿ ಶಿಲಾಯುಗದವರು ಬಸಾಲ್ಟನ್ನು ಸೀಳಿ ಎದ್ದ ಡೋಲರೈಟ್ ಎಂಬ ಬಿಗಿಯಾದ ಕಲ್ಲನ್ನು ಆರಿಸಿಕೊಂಡರು. ಪ್ರವರಾ ನದಿಯ ದಂಡೆಯ ನೇವಾಸಾದಲ್ಲಿ ಎಚ್. ಡಿ. ಸಾಂಕಳಿಯಾ ಅವರು ಐವತ್ತರ ದಶಕದಲ್ಲಿ ನಡೆಸಿದ ಶೋಧಗಳು ಕರಿಕಲ್ಲಿನ ನಾಡಿನಲ್ಲೂ ಹಳೆಯ ಶಿಲಾಯುಗದ ಬದುಕು ಇತ್ತೆಂದು ತೋರಿಸಿದವು. ನಮ್ಮ ತಾಲ್ಲೂಕುಗಳೂ ಅದೇ ಕರಿಕಲ್ಲಿನ ನಾಡಿನ ತೆಂಕಣ ಅಂಚು.

ಬಸವಕಲ್ಯಾಣದಂಥ ಊರಿನಲ್ಲಿ ಇನ್ನೊಂದು ಗೊಂದಲವಿದೆ. ಶತಮಾನಗಟ್ಟಲೆ ಗುಡಿ, ಕೋಟೆ, ದರ್ಗಾ ಕಟ್ಟಿದ ನೆಲವಿದು. ಕಲ್ಲುಕುಟಿಗರು ಒಡೆದ ಚಕ್ಕೆ ಎಲ್ಲೆಲ್ಲೂ ಬಿದ್ದಿರುತ್ತವೆ. ಅವುಗಳಲ್ಲೂ ಉಬ್ಬು ತಗ್ಗು ಇರುತ್ತವೆ. ಆದರೆ ಉಕ್ಕಿನ ಉಳಿ ಬಿಟ್ಟ ನೇರ ಗೆರೆ, ಬಂಡೆ ಸೀಳಲು ಸಾಲಾಗಿ ಕೊರೆದ ಚೌಕ ಗುಳಿ, ಇವು ಲೋಹದ ಕಾಲದ್ದೆಂದು ತಾವೇ ಹೇಳಿಬಿಡುತ್ತವೆ. ಶಿಲಾಯುಗದ ಆಯುಧದಲ್ಲಿ ನೇರಗೆರೆಗೆ ಜಾಗವಿಲ್ಲ.

ದೊಡ್ಡ ಕಲ್ಲಿನ ಸಾಮಾನು ಸಿಕ್ಕಿತೆಂದರೆ ಅದು ಕೈಗೊಡಲಿಯೇ ಆಗಬೇಕಿಲ್ಲ. ನಮ್ಮ ಕಡೆ ಹೆಚ್ಚು ಸಾಧ್ಯತೆ ಇರುವುದು ಬೀಸುವ, ಅರೆಯುವ ಕಲ್ಲುಗಳದ್ದು. ದೊಡ್ಡ ಕಲ್ಲಿನ ನಡುವೆ ಉದ್ದನೆಯ ತಗ್ಗು, ಎರಡೂ ತುದಿ ಎತ್ತರ, ತಗ್ಗಿನ ಮೈ ಬೆರಳಿಗೆ ನುಣುಪು, ಹೊರಮೈ ಒರಟು, ಹೀಗಿದ್ದರೆ ಅದು ಮಂಡಿಯೂರಿ ಕೂತು ಎರಡೂ ಕೈಯಿಂದ ಮುಂದೆ ಹಿಂದೆ ಉಜ್ಜಿ ಕಾಳು ಅರೆದ ಕಲ್ಲು. ನವಶಿಲಾಯುಗದ ಊರುಗಳಲ್ಲಿ, ಅಂದರೆ ದಕ್ಷಿಣದಲ್ಲಿ ಸುಮಾರು ಐದು ಸಾವಿರ ವರ್ಷದಿಂದೀಚೆಗೆ, ಹಿಟ್ಟು ಆಗುತ್ತಿದ್ದದ್ದು ಹೀಗೆ. ಗೂಟದ ಸುತ್ತ ತಿರುಗಿಸುವ ಬೀಸುವ ಕಲ್ಲು ಆಮೇಲೆ, ಸಾತವಾಹನರ ಕಾಲದ ಆಸುಪಾಸಿನಲ್ಲಿ ಬಳಕೆಗೆ ಬಂತು. ಆದ್ದರಿಂದ ನಡುವೆ ಗೂಟದ ತೂತಿರುವ ದುಂಡು ಕಲ್ಲನ್ನು ಶಿಲಾಯುಗದ್ದೆಂದು ಕರೆಯುವಂತಿಲ್ಲ. ಇನ್ನೂ ದೊಡ್ಡದು, ಒಳಗೆ ಆಳವಾದ ಗುಳಿ, ಅಂಚಿನಲ್ಲಿ ಸವೆತ ಇದ್ದರೆ ಅದು ಗಾಣದ ಕಲ್ಲಿರಬಹುದು. ಚಾಲುಕ್ಯರ ಶಾಸನಗಳಲ್ಲಿ ದೇವರ ದೀಪಕ್ಕೆ ಗಾಣದ ಎಣ್ಣೆ ಬಿಟ್ಟ ತೆಲ್ಲಿಗರು ಮತ್ತೆ ಮತ್ತೆ ಬರುತ್ತಾರೆ. ಕಲ್ಯಾಣದ ಶರಣರಲ್ಲಿ ಗಾಣದ ಕಣ್ಣಪ್ಪ ಇದ್ದಾನೆ, ಕಾಳು ಕುಟ್ಟಿ ಬದುಕಿದ ಕೊಟ್ಟಣದ ಸೋಮಮ್ಮ ಇದ್ದಾಳೆ. ಅವರ ಕಾಯಕದ ಕಲ್ಲುಗಳೂ ಎಲ್ಲೋ ಈ ಮಣ್ಣಿನಲ್ಲೇ ಇರಬೇಕು. ಒಂಬತ್ತು ನೂರು ವರ್ಷದ ಗಾಣದ ಕಲ್ಲು ಹತ್ತು ಲಕ್ಷ ವರ್ಷದ ಕೈಗೊಡಲಿಗಿಂತ ಕಡಿಮೆಯದು ಎಂದು ನನಗೆ ಅನ್ನಿಸುವುದಿಲ್ಲ. ಎರಡರಲ್ಲೂ ಇರುವುದು ಹೊಟ್ಟೆಪಾಡಿನ ಕಥೆಯೇ.

ನುಣುಪು ಕೊಡಲಿಯದು ಇನ್ನೊಂದು ಬಗೆ. ಡೋಲರೈಟನ್ನು ಮೊದಲು ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಆಮೇಲೆ ಗುಂಡುಕಲ್ಲಿನಿಂದ ಕುಕ್ಕಿ ಕುಕ್ಕಿ ಸಮ ಮಾಡಿ, ಕೊನೆಗೆ ಬಂಡೆಯ ಮೇಲೆ ನೀರು, ಮರಳು ಹಾಕಿ ತಿಕ್ಕಿ ಬಾಯಿ ಹರಿತ ಮಾಡುತ್ತಿದ್ದರು. ಹಿಂದಣ ತುದಿ ಕಿರಿದು, ಮುಂದಿನ ಬಾಯಿ ಅಗಲ. ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ಇವನ್ನು ಮಾಡುತ್ತಿದ್ದ ದೊಡ್ಡ ಕಮ್ಮಟವೇ ಇತ್ತು. ತಿಕ್ಕಿ ತಿಕ್ಕಿ ಬಿದ್ದ ಉದ್ದ ಗೀರುಗುಳಿಗಳು ಅಲ್ಲಿನ ಬಂಡೆಗಳ ಮೇಲೆ ಈಗಲೂ ಇವೆ. ಇಂಥ ಕೊಡಲಿ ಸಿಕ್ಕರೆ ಗುರುತಿಸಲು ಕಷ್ಟವೇ ಇಲ್ಲ, ಕೈಗೆ ತಾಗಿದ ಕೂಡಲೇ ಗೊತ್ತಾಗುತ್ತದೆ. ಹಾಗೆಂದೇ ಜನ ಇವನ್ನು ಮೊದಲಿನಿಂದಲೂ ಎತ್ತಿಟ್ಟಿದ್ದಾರೆ. ಯುರೋಪಿನಲ್ಲಿ ಇವು ಸಿಡಿಲಿನ ಜೊತೆ ಬಿದ್ದ ಕಲ್ಲುಗಳೆಂದು ನಂಬಿ ಮನೆಯ ಮಾಡಿನಲ್ಲಿ ಇಡುತ್ತಿದ್ದರು. ತಮಿಳುನಾಡಿನ ಶೆವರಾಯ್ ಬೆಟ್ಟಗಳಲ್ಲಿ ಹಳ್ಳಿಗರು ಇವನ್ನು ಆರಿಸಿ ಸಣ್ಣ ಗುಡಿಗಳಲ್ಲಿಟ್ಟು ಪೂಜಿಸುತ್ತಿದ್ದುದನ್ನು ಫೂಟ್ ದಾಖಲಿಸಿದ್ದಾನೆ. ನಮ್ಮಲ್ಲಿ ಬೇವಿನ ಕಟ್ಟೆಯ ಮೇಲೆ, ಗ್ರಾಮದೇವತೆಯ ಮುಂದೆ ಕುಂಕುಮ ಹಚ್ಚಿದ ನುಣುಪು ಕಲ್ಲು ಕಂಡರೆ ಅದನ್ನು ಎತ್ತಿಕೊಂಡು ಹೋಗುವ ಹಕ್ಕು ಯಾವ ಸಂಶೋಧಕನಿಗೂ ಇಲ್ಲ ಎಂದು ನಾನು ತಿಳಿಯುತ್ತೇನೆ. ಫೋಟೊ ತೆಗೆಯಲಿ, ಅಳತೆ ಬರೆದುಕೊಳ್ಳಲಿ, ಎಲ್ಲಿಂದ ಬಂತೆಂದು ಹಿರಿಯರನ್ನು ಕೇಳಲಿ. ಇಷ್ಟು ವರ್ಷ ಅದನ್ನು ಉಳಿಸಿದ್ದು ಆ ಪೂಜೆಯೇ. ಕಟ್ಟೆಗೆ ಬಂದ ಕಲ್ಲು ಮೊದಲಿದ್ದ ಜಾಗದಿಂದ ದೂರ ಬಂದಿದೆ ಎಂಬುದನ್ನು ಮಾತ್ರ ಮರೆಯಬಾರದು. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಗುಡಿಯ ಮಾಡು ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಬಂಡೆಯೇ ಅಶೋಕನ ಶಾಸನವೆಂದು ಗೊತ್ತಾಯಿತಲ್ಲ. ಕಲ್ಲುಗಳು ಕೆಲಸ ಬದಲಿಸುತ್ತ, ಜಾಗ ಬದಲಿಸುತ್ತ ಇರುತ್ತವೆ.

ಎಷ್ಟು ದೊಡ್ಡದಿರಬಹುದು ಎಂದು ಕೇಳುವವರಿಗೆ ಒಂದು ಮಾತು. ಸಾಮಾನ್ಯ ಕೈಗೊಡಲಿ ಹತ್ತರಿಂದ ಇಪ್ಪತ್ತು ಸೆಂಟಿಮೀಟರ್. ಆದರೆ ಸೌದಿ ಅರೇಬಿಯಾದ ಅಲ್‌ಉಲಾ ಬಳಿ 2023ರಲ್ಲಿ ಸಿಕ್ಕ ಕೈಗೊಡಲಿ 51.3 ಸೆಂಟಿಮೀಟರ್ ಉದ್ದವಿತ್ತು. ಅದನ್ನು ಮಾಡಿದ್ದು ಬಸಾಲ್ಟಿನಿಂದಲೇ. ಎರಡು ಕೈ ಬೇಕು ಅದನ್ನು ಎತ್ತಲು. ಇಂಗ್ಲೆಂಡಿನ ಕೆಂಟ್‌ನಲ್ಲಿ ಶಾಲೆಯ ಕಟ್ಟಡಕ್ಕೆ ಮುಂಚೆ ನಡೆದ ಉತ್ಖನನದಲ್ಲಿ ಸುಮಾರು 30 ಸೆಂಟಿಮೀಟರಿನ ಒಂದು ಸಿಕ್ಕಿತು, ಮೂರು ಲಕ್ಷ ವರ್ಷದ ಹಿಂದಿನದು. ಇಷ್ಟು ದೊಡ್ಡವನ್ನು ಏಕೆ ಮಾಡಿದರು ಎಂಬುದಕ್ಕೆ ಒಮ್ಮತದ ಉತ್ತರವಿಲ್ಲ. ಕೈಚಳಕ ತೋರಿಸಲೋ, ನಮಗೆ ತೋಚದ ಯಾವುದೋ ಕೆಲಸಕ್ಕೋ. ಗಾತ್ರ ನೋಡಿ “ಇಷ್ಟು ದೊಡ್ಡದು ಆಯುಧವಾಗಿರಲಾರದು” ಎಂದು ತಳ್ಳಿಹಾಕುವಂತಿಲ್ಲ, “ದೊಡ್ಡದು, ಆದ್ದರಿಂದ ಬಹಳ ಹಳೆಯದು” ಎನ್ನುವಂತೆಯೂ ಇಲ್ಲ.

ವಯಸ್ಸಿನ ಮಾತು ಮತ್ತೆ ಮಣ್ಣಿಗೆ ಬರುತ್ತದೆ. ಮಣ್ಣಿನೊಳಗಿನ ಮರಳಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಪ್ರಯೋಗಾಲಯದಲ್ಲಿ ಅಳೆಯುವ ವಿಧಾನವಿದೆ. ಕಲ್ಲು ಹುದುಗಿದ್ದ ಪದರ ಕದಡದೆ ಇದ್ದರೆ ಆ ಅಳತೆ ಸಾಧ್ಯ. ಗುದ್ದಲಿ ಹಾಕಿ ಕಲ್ಲು ಕಿತ್ತು ಮಣ್ಣು ಬಿಸಿಲಿಗೆ ಹರವಿದರೆ ಆ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಹಲ್ಲು, ಎಲುಬು ಜೊತೆಗಿದ್ದರೆ ಇಸಾಂಪುರದಲ್ಲಿ ಮಾಡಿದಂಥ ಅಳತೆ ಮಾಡಬಹುದು. ಅರೆಯುವ ಕಲ್ಲಿನ ರಂಧ್ರಗಳಲ್ಲಿ ಕಾಳಿನ ಪಿಷ್ಟದ ಕಣಗಳು ಸಾವಿರಾರು ವರ್ಷ ಉಳಿದಿರಬಲ್ಲವು. ಜೋಳವೋ, ಹುರುಳಿಯೋ, ಹೆಸರೋ ಎಂದು ಅವುಗಳಿಂದ ತಿಳಿಯಬಹುದು. ಆ ಕಲ್ಲನ್ನು ಬ್ರಷ್ ಹಾಕಿ ತೊಳೆದರೆ ಅದೆಲ್ಲ ಬಚ್ಚಲಿಗೆ.

ಆದ್ದರಿಂದ ಸಿಕ್ಕ ಕೂಡಲೇ ಮಾಡಬೇಕಾದ್ದು ಸರಳ. ಕಲ್ಲು ಮಣ್ಣಿನಲ್ಲಿ ಅರ್ಧ ಹುದುಗಿದ್ದರೆ ಹಾಗೆಯೇ ಬಿಡಿ. ಮೇಲೆ ಬಿದ್ದಿದ್ದರೆ, ಎತ್ತುವ ಮುಂಚೆ ಪಕ್ಕದಲ್ಲಿ ಒಂದು ಪೆನ್ನು ಇಲ್ಲವೇ ನಾಣ್ಯವಿಟ್ಟು ಫೋಟೊ ತೆಗೆಯಿರಿ. ಎರಡೂ ಮೈ, ಎರಡೂ ಬದಿ, ಮೊನೆಯ ಕಡೆಯಿಂದ ಒಂದು, ದೂರದಿಂದ ಹೊಲ ಕಾಣುವಂತೆ ಒಂದು. ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಳ್ಳಿ. ಸರ್ವೆ ನಂಬರು, ಎಷ್ಟು ಆಳ, ಎರೆಮಣ್ಣೋ ಮೊರಮ್ಮೋ ಹಳ್ಳದ ಗರಸೋ, ಸುತ್ತ ಇನ್ನೇನು ಇತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ. ಸುತ್ತಲ ನೆಲದಲ್ಲಿ ಕೆಂಪು, ಬಿಳಿ, ಹಾಲುಬಣ್ಣದ ಸಣ್ಣ ಕಲ್ಲುಗಳ ಹರಿತ ಚೂರುಗಳಿವೆಯೇ ನೋಡಿ. ನಮ್ಮ ಹಿರಿಯರು ಚಕಮಕಿಗೆ ಬಳಸುತ್ತಿದ್ದ ಜಾತಿಯವು ಅವು. ಬಸಾಲ್ಟಿನ ತೂತುಗಳಲ್ಲಿ ಹುಟ್ಟುವ ಇವುಗಳಿಂದ ಶಿಲಾಯುಗದ ಕೊನೆಯ ಕಾಲದವರು ಬೆರಳುಗಾತ್ರದ ಅಲಗುಗಳನ್ನು ಮಾಡುತ್ತಿದ್ದರು.

ಹುಡುಕಿಕೊಂಡೇ ಹೋಗುವ ಮಾಸ್ತರರಿಗೆ, ಕಾಲೇಜು ಹುಡುಗರಿಗೆ ಒಂದು ಸೂಚನೆ ಕೊಡಬಲ್ಲೆ. ಹುಣಸಗಿ ಕಣಿವೆಯಲ್ಲಿ ಆ ಜನ ಬೇಸಿಗೆಯಲ್ಲಿ ಸೇರುತ್ತಿದ್ದದ್ದು ಬತ್ತದ ಒರತೆಗಳ ಬಳಿ ಎಂದು ಪದ್ದಯ್ಯನವರು ತೋರಿಸಿದ್ದಾರೆ. ಬೀದರ್ ಪ್ರಸ್ಥಭೂಮಿಯಲ್ಲೂ ಮಳೆಯ ನೀರು ಜಂಬಿಟ್ಟಿಗೆಯ ಮೂಲಕ ಇಳಿದು, ಕೆಳಗಿನ ಬಸಾಲ್ಟ್ ತಡೆದಲ್ಲಿ ಅಂಚಿನಿಂದ ಒರತೆಯಾಗಿ ಹೊರಬರುತ್ತದೆ. ಝರಣಿ ನರಸಿಂಹನ ಗುಹೆಯ ನೀರು, ಪಾಪನಾಶದ ನೀರು ಇಂಥವೇ. ಹುಮನಾಬಾದ್, ಬಸವಕಲ್ಯಾಣದ ದಿನ್ನೆಗಳ ಅಂಚಿನಲ್ಲಿ, ಮುಲ್ಲಾಮಾರಿ ಮತ್ತು ಕಾರಂಜಾ ಹಳ್ಳಗಳ ಹಳೆಯ ಗರಸು ಕೊರೆದು ಕಾಣುವ ದಂಡೆಗಳಲ್ಲಿ ಕಣ್ಣಿಟ್ಟು ನಡೆದರೆ ವ್ಯರ್ಥವಾಗದು ಎಂಬುದು ನನ್ನ ನಂಬಿಕೆ. ನಡೆಯಬೇಕು, ಅಗೆಯಬಾರದು. ಅನುಮತಿಯಿಲ್ಲದೆ ಅಗೆಯುವುದು ನಿಧಿಗಳ್ಳರ ಕೆಲಸ, ಅವರಿಂದ ಈ ಸೀಮೆಯ ಗುಡಿಗಳು ಸಾಕಷ್ಟು ಕೆಟ್ಟಿವೆ.

ರೈತರು ಇಂಥದ್ದನ್ನು ಬಾಯಿಬಿಡದಿರಲು ಕಾರಣ ಗೊತ್ತೇ ಇದೆ. ಹೇಳಿದರೆ ಸರ್ಕಾರ ಹೊಲ ಕಿತ್ತುಕೊಳ್ಳುತ್ತದೆ ಎಂಬ ಭಯ. ಈ ಭಯವನ್ನು ಬಿಡಿಸಿ ಹೇಳುವವರು ಬೇಕು. ಒಂದು ಕಲ್ಲು ಸಿಕ್ಕ ಮಾತ್ರಕ್ಕೆ ಹೊಲ ಸಂರಕ್ಷಿತ ತಾಣವಾಗುವುದಿಲ್ಲ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಅದಕ್ಕೆ ಬೇರೆ ಅಧಿಸೂಚನೆ ಹೊರಡಿಸಬೇಕು, ಎರಡು ತಿಂಗಳ ಅವಧಿ ಕೊಟ್ಟು ಆಕ್ಷೇಪಣೆ ಕೇಳಬೇಕು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತದೆ, ಆದ್ದರಿಂದ ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಕಳಿಸುವಂತಿಲ್ಲ. ಸಿಕ್ಕದ್ದನ್ನು ತಿಳಿಸಲು ಬೇಕಾದ್ದು ಇಷ್ಟೇ: ತಹಶೀಲ್ದಾರರಿಗೆ ಒಂದು ಅರ್ಜಿ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಅದರ ಪ್ರತಿ, ಜೊತೆಗೆ ಫೋಟೊಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೋ ಪುಣೆಯ ಡೆಕ್ಕನ್ ಕಾಲೇಜಿಗೋ ಆ ಫೋಟೊಗಳನ್ನು ಕಳಿಸಿದರೆ ನೋಡಿ ಹೇಳಬಲ್ಲವರು ಅಲ್ಲಿದ್ದಾರೆ.

ಗಡಿಯಾಚೆ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರು ನಮಗೆ ಹತ್ತಿರದ್ದೇ. ಗ್ರೀಕ್ ನಾವಿಕರ ಬರಹದಲ್ಲಿ ತಗರವೆಂದು ಬರುವ ಪಟ್ಟಣ ಅದು. ಅಲ್ಲಿನ ರಾಮಲಿಂಗಪ್ಪ ಲಾಮತುರೆ ಎಂಬವರು ಊರಿನ ಮಣ್ಣಿನಲ್ಲಿ, ಹೊಲದಲ್ಲಿ ಸಿಕ್ಕ ಮಣಿ, ಮಡಕೆ, ಮಣ್ಣಿನ ಬೊಂಬೆಗಳನ್ನು ವರ್ಷಗಟ್ಟಲೆ ಕೂಡಿಸಿದರು. ಇಂದು ಅವರ ಹೆಸರಿನಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ ತೇರ್‌ನಲ್ಲಿದೆ. ತೇರ್‌ನ ವಸ್ತುಗಳು ತೇರ್‌ನಲ್ಲೇ ಉಳಿದವು. ಬಸವಕಲ್ಯಾಣದ ಕೋಟೆಯೊಳಗೂ ಶಿಲ್ಪಗಳ ಸಂಗ್ರಹವಿದೆ. ಅದರ ಪಕ್ಕ ಒಂದು ಕಪಾಟು ಬೇಕು. ಈ ಎರಡು ತಾಲ್ಲೂಕಿನ ಹೊಲಗಳಲ್ಲಿ ಸಿಕ್ಕ ಕಲ್ಲಿನ ಆಯುಧ, ಅರೆಯುವ ಕಲ್ಲು, ಗಾಣದ ಕಲ್ಲು ಅದರಲ್ಲಿ ಇರಬೇಕು. ಪ್ರತಿಯೊಂದರ ಮುಂದೆ ಊರು, ಹೊಲ, ಆಳ, ಮಣ್ಣು, ಸಿಕ್ಕ ದಿನ ಬರೆದ ಚೀಟಿ ಇರಬೇಕು. ಕಲ್ಲು ಗುರುತಿಸಿದವರು ಒಪ್ಪಿದರೆ ಅವರ ಹೆಸರೂ ಅದರಲ್ಲಿ ಇರಬೇಕು, ಅವರು ಹೊಲದ ಒಡೆಯರಾಗಿರಲಿ, ಕಲ್ಲು ಆರಿಸಲು ಬಂದ ಕೂಲಿಯವರಾಗಿರಲಿ.